ಹಳೆ ಕನ್ನಡ ಸಿನಿಮಾದ ಲುಕ್ ಬೇಕಾ? ಟೈಲರ್ ಅಂಗಡಿಯಿಂದ ಶುರು ಮಾಡಿ

ನವೆಂಬರ್ ಹತ್ತಿರ ಬಂತು ಅಂದ್ರೆ ಇದೇ ಪ್ರಶ್ನೆ. ಆಫೀಸಿನ ರಾಜ್ಯೋತ್ಸವಕ್ಕೆ ‘ಹಳೆ ಸಿನಿಮಾ’ ಥೀಮ್ ಇಟ್ಟಿದ್ದಾರೆ, ಏನು ಹಾಕಿಕೊಳ್ಳಲಿ? ಮದುವೆ ಸೀಸನ್ನಿನಲ್ಲಿ ಇದೇ ಪ್ರಶ್ನೆ ಸಂಗೀತ್, ರೆಟ್ರೋ ನೈಟ್ ಅನ್ನುವ ಹೆಸರಲ್ಲಿ ಬರುತ್ತದೆ. ಹೊರದೇಶದ ಕನ್ನಡ ಕೂಟದವರು ಕೇಳುವುದೂ ಅದನ್ನೇ, ಜೊತೆಗೆ ‘ನಮ್ಮಲ್ಲಿ ಟೈಲರ್ ಸಿಗಲ್ಲ’ ಅಂತ ಇನ್ನೊಂದು ಸಾಲು ಇರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆನ್‌ಲೈನಲ್ಲಿ ‘ರೆಟ್ರೋ ಸೀರೆ’ ಅಂತ ಹುಡುಕಿ ದುಡ್ಡು ಹಾಕಬೇಡಿ. ಬೇಕಾದ ಸೀರೆ ನಿಮ್ಮ ಮನೆಯ ಬೀರುವಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ನೋಡಿದವರಿಗೆ ‘ಓ, ಅರವತ್ತರ ದಶಕ’ ಅನ್ನಿಸುವುದು ಬ್ಲೌಸಿನ ಹೊಲಿಗೆಯಿಂದ, ತಲೆ ಬಾಚಿದ ರೀತಿಯಿಂದ, ಕಣ್ಣಿನ ಗೆರೆಯಿಂದ. ಗಂಡಸರಿಗೆ ಶರ್ಟಿನ ಕಾಲರು, ಪ್ಯಾಂಟಿನ ಸೊಂಟ ಮತ್ತು ಕೆಳಗಿನ ಅಗಲ. ಇವೆಲ್ಲ ಹೊಲಿಸಬೇಕಾದವು, ಕಲಿಯಬೇಕಾದವು. ರೆಡಿಮೇಡ್ ಸಿಗುವುದು ಕಡಿಮೆ.

ಕೈಯಲ್ಲಿ ಮೂರು ವಾರ ಇರಲಿ. ಒಂದು ವಾರ ನೋಡಿ ಆರಿಸಲು, ಒಂದು ವಾರ ಹೊಲಿಸಲು, ಒಂದು ವಾರ ಬ್ಲೌಸ್ ಸರಿ ಮಾಡಿಸಲು ಮತ್ತು ತಲೆ ಬಾಚುವುದನ್ನು ಅಭ್ಯಾಸ ಮಾಡಲು. ಸಾಮಾನು ಹೆಚ್ಚೇನಿಲ್ಲ: ಒಂದು ಸೀರೆ, ಒಂದು ಮೀಟರ್ ಬ್ಲೌಸ್ ಬಟ್ಟೆ, ಬಾಲವಿರುವ ಬಾಚಣಿಗೆ, ಹೇರ್‌ಪಿನ್ನು ಬೇಕಾದಷ್ಟು, ಹೇರ್ ಸ್ಪ್ರೇ, ಚೌರಿ, ಕಪ್ಪು ಐಲೈನರ್.

1. ಒಂದು ವರ್ಷ, ಒಂದು ಪಾತ್ರ ಆರಿಸಿಕೊಳ್ಳಿ

‘ಹಳೆ ಸಿನಿಮಾ’ ಅನ್ನುವುದು ಒಂದೇ ಕಾಲ ಅಲ್ಲ. ಐವತ್ತರ ದಶಕದ ನಾಯಕಿ ಮತ್ತು ಎಪ್ಪತ್ತರ ದಶಕದ ನಾಯಕಿಯ ನಡುವೆ ಒಂದು ತಲೆಮಾರಿನಷ್ಟು ಅಂತರ ಇದೆ. ಹೆಚ್ಚಿನವರು ಸೋಲುವುದೇ ಇಲ್ಲಿ. ಐವತ್ತರ ಉದ್ದ ಜಡೆ, ಅರವತ್ತರ ಕಣ್ಣು, ಎಪ್ಪತ್ತರ ದೊಡ್ಡ ಕೂಲಿಂಗ್ ಗ್ಲಾಸು, ಎಲ್ಲವೂ ಒಬ್ಬರ ಮೇಲೇ! ಅದು ಫ್ಯಾನ್ಸಿ ಡ್ರೆಸ್ ಆಗುತ್ತದೆ, ಲುಕ್ ಆಗುವುದಿಲ್ಲ.

ಒಂದು ಅಂದಾಜಿಗೆ: ಐವತ್ತರ ದಶಕದಲ್ಲಿ ಮೈ ತುಂಬ ಮುಚ್ಚುವ ಬ್ಲೌಸ್, ಮೊಣಕೈ ತನಕದ ತೋಳು ಅಥವಾ ಸಣ್ಣ ಪಫ್, ಹೂ ಮುಡಿದ ಜಡೆ. ಅರವತ್ತರಲ್ಲಿ ಮೈಗೆ ಅಂಟಿದ ಬ್ಲೌಸ್, ಚಿಕ್ಕ ತೋಳು ಅಥವಾ ತೋಳೇ ಇಲ್ಲದ್ದು, ನೆತ್ತಿಯಲ್ಲಿ ಉಬ್ಬಿಸಿದ ಕೂದಲು, ಕಿವಿ ಕಡೆಗೆ ಎಳೆದ ಕಣ್ಣಿನ ಗೆರೆ. ಎಪ್ಪತ್ತರಲ್ಲಿ ದೊಡ್ಡ ಹೂವಿನ ನೈಲಾನ್ ಸೀರೆ, ದೊಡ್ಡ ದುಂಡು ಬೊಟ್ಟು, ಗಂಡಸರಿಗೆ ಬೆಲ್ ಬಾಟಮ್ ಮತ್ತು ಅಗಲ ಕಾಲರು.

ಇನ್ನು ಯಾರನ್ನು ನೋಡಿ ಮಾಡಬೇಕು? ಅರವತ್ತರ ದಶಕದ ಮೊದಲ ಭಾಗ ಬೇಕಾದರೆ ಬಿ. ಸರೋಜಾದೇವಿ. ಬೆಂಗಳೂರಿನ ಈ ಹುಡುಗಿ ತಮಿಳಿನಲ್ಲೂ ದೊಡ್ಡ ತಾರೆಯಾದಾಗ ಅವರ ಸೀರೆ, ಬ್ಲೌಸು, ಒಡವೆ, ತಲೆಕಟ್ಟು ಎಲ್ಲವನ್ನೂ ಅಲ್ಲಿನ ಹೆಣ್ಣುಮಕ್ಕಳು ನಕಲು ಮಾಡಿದರು. ಎಪ್ಪತ್ತರ ಆರಂಭದ ಬಣ್ಣದ ಸೀರೆಗಳು ಬೇಕಾದರೆ ‘ಶರಪಂಜರ’ದ (1971) ಕಲ್ಪನಾ. ಸೀರೆ ಬೇಡ, ಬೇರೆ ಏನಾದರೂ ಹೇಳಿ ಅನ್ನುವವರಿಗೆ ‘ಮಿಸ್ ಲೀಲಾವತಿ’ಯ (1965) ಜಯಂತಿ ಇದ್ದಾರೆ. ಕನ್ನಡದ ನಾಯಕಿ ಸ್ಕರ್ಟು, ಟೀ ಶರ್ಟು ತೊಟ್ಟು, ಈಜುಡುಗೆಯಲ್ಲೂ ಬಂದು ಆ ಕಾಲದಲ್ಲಿ ಗದ್ದಲ ಎಬ್ಬಿಸಿದ ಸಿನಿಮಾ ಅದು. ಮೊಣಕಾಲು ತನಕದ ಸ್ಕರ್ಟು, ಒಳಗೆ ಸಿಕ್ಕಿಸಿದ ಟಾಪು, ಅಗಲ ಬೆಲ್ಟು ಇಷ್ಟಿದ್ದರೆ ಸಾಕು.

ಮುಮ್ತಾಜ್ ಸೀರೆ, ಅಂದರೆ ಹಿಂದಿ ನಟಿ ಮುಮ್ತಾಜ್ ಹಾಡಿನಲ್ಲಿ ಉಟ್ಟ ಮೈಗೆ ಬಿಗಿಯಾದ ಸೀರೆ, ಆಗುತ್ತಾ ಅಂತಲೂ ಕೆಲವರು ಕೇಳುತ್ತಾರೆ. ಅದು ಹಿಂದಿಯ ‘ಬ್ರಹ್ಮಚಾರಿ’ಯದು (1968), ವಸ್ತ್ರವಿನ್ಯಾಸ ಭಾನು ಅಥೈಯಾ ಅವರದು. ಮುಂದೆ ‘ಗಾಂಧಿ’ ಸಿನಿಮಾಕ್ಕೆ ಭಾರತದ ಮೊದಲ ಆಸ್ಕರ್ ತಂದವರೂ ಅವರೇ. ಕುಣಿಯುವ ಕಾರ್ಯಕ್ರಮ ಇದ್ದರೆ ಮಾಡಿಕೊಳ್ಳಿ. ಆದರೆ ಕನ್ನಡ ಸಿನಿಮಾ ಥೀಮಿಗೆ ಯಾಕೆ ಹೋಗಬೇಕು ಅಲ್ಲಿಗೆ, ನಮ್ಮಲ್ಲೇ ಇಷ್ಟಿರುವಾಗ?

2. ಸಿನಿಮಾ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿ

ಇಂಟರ್‌ನೆಟ್ಟಿನ ‘ರೆಟ್ರೋ ಲುಕ್’ ಫೋಟೋಗಳನ್ನು ಟೈಲರ್‌ಗೆ ತೋರಿಸಬೇಡಿ. ಅವು ಈಗಿನವರು ಮಾಡಿಕೊಂಡ ನಕಲುಗಳು. ಮೂಲ ಸಿನಿಮಾವನ್ನೇ ಹಾಕಿ, ಬೇಕಾದ ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಬ್ಲೌಸಿನ ಬೆನ್ನು ಮತ್ತು ತುರುಬು ಕಾಣುವುದು ಹಾಡುಗಳಲ್ಲಿ. ಆದರೆ ಕನಸಿನ ಹಾಡಿನ ಬಟ್ಟೆ ಬೇರೆ, ಪಾತ್ರ ಮನೆಯಲ್ಲಿ ಉಡುವ ಬಟ್ಟೆ ಬೇರೆ. ಯಾವುದು ಬೇಕು ಅಂತ ಮೊದಲೇ ತೀರ್ಮಾನಿಸಿ. ನನ್ನ ಕೇಳಿದರೆ ಮನೆಯ ದೃಶ್ಯದ ಸೀರೆಗಳೇ ಚೆಂದ.

ಬಣ್ಣದ ವಿಷಯದಲ್ಲಿ ಮೂರು ಕಡೆ ಮೋಸ ಹೋಗುತ್ತೀರಿ.

ಮೊದಲನೆಯದು ಕಪ್ಪು-ಬಿಳುಪು. ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಆಮೇಲೂ ಹಲವು ವರ್ಷ ಹೆಚ್ಚಿನ ಸಿನಿಮಾಗಳು ಕಪ್ಪು-ಬಿಳುಪಿನಲ್ಲೇ ಬಂದವು. ಆ ಪರದೆಯಲ್ಲಿ ಕಡು ಕೆಂಪೂ ಕಡು ಹಸಿರೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಅಚ್ಚ ಬಿಳಿ ದೀಪದ ಕೆಳಗೆ ಕಣ್ಣು ಕುಕ್ಕುತ್ತದೆ ಅಂತ ಬಿಳಿಯ ಬದಲು ತಿಳಿ ಹಳದಿ, ತಿಳಿ ನೀಲಿ ಬಟ್ಟೆ ಬಳಸುವುದೂ ಇತ್ತು. ಹಾಗಾಗಿ ಪರದೆಯಲ್ಲಿ ಬೂದು ಕಂಡಿತು ಅಂತ ಬೂದು ಸೀರೆ ಕೊಳ್ಳಬೇಡಿ. ನಿಮಗೆ ಒಪ್ಪುವ ಬಣ್ಣ ಆರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಮೈ ತಿಳಿ, ಅಂಚು ಗಾಢ ಅನ್ನುವ ವ್ಯತ್ಯಾಸ ಸಿನಿಮಾದಲ್ಲಿ ಇದ್ದ ಹಾಗೇ ಕಂಡರೆ ಸಾಕು.

ಎರಡನೆಯದು ಆಮೇಲೆ ಬಣ್ಣ ತುಂಬಿದ ಪ್ರತಿಗಳು. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದವು. ನೋಡಲು ಖುಷಿ. ಆದರೆ ಅಲ್ಲಿನ ಬಣ್ಣ ಕಂಪ್ಯೂಟರ್ ಮುಂದೆ ಕೂತವರು ಕೊಟ್ಟದ್ದು. ಆ ಸೀರೆ ನಿಜವಾಗಿ ಆ ಬಣ್ಣದ್ದೇ ಅಂತ ನಂಬಿ ಅಂಗಡಿಗೆ ಹೋಗಬೇಡಿ.

ಮೂರನೆಯದು ಪೋಸ್ಟರು. ಅವು ಕೈಯಲ್ಲಿ ಬರೆದವು. ಬೀದಿಯಲ್ಲಿ ಹೋಗುವವರ ಕಣ್ಣು ಸೆಳೆಯಲು ಕಲಾವಿದರು ಬೇಕಾದ ಬಣ್ಣ ಬಳಿದಿದ್ದಾರೆ.

ನಿಜವಾದ ಬಣ್ಣ ಬೇಕಾದರೆ ಬಣ್ಣದಲ್ಲೇ ಚಿತ್ರೀಕರಿಸಿದ ಸಿನಿಮಾ ನೋಡಿ: ‘ಶರಪಂಜರ’, ‘ಬಂಗಾರದ ಮನುಷ್ಯ’ (1972), ‘ನಾಗರಹಾವು’ (1972). ಅಲ್ಲೂ ಹಳೆ ಪ್ರಿಂಟುಗಳು ಮಾಸಿ ಕೆಂಪಾಗಿರುತ್ತವೆ ಅನ್ನುವುದು ನೆನಪಿರಲಿ.

3. ಸೀರೆ

ಮೈಯಲ್ಲಿ ಬರೀ ಬಣ್ಣ, ಅಂಚಿನಲ್ಲಿ ಸಣ್ಣ ಜರಿ ಇರುವ ಮೈಸೂರು ಸಿಲ್ಕ್ ಸೀರೆ ಇದ್ದರೆ ಅರವತ್ತಕ್ಕೂ ಆಯಿತು, ಎಪ್ಪತ್ತಕ್ಕೂ ಆಯಿತು. ತೆಳ್ಳಗಿದ್ದು ಮೈಗೆ ಅಂಟಿಕೊಂಡು ಇಳಿಯುತ್ತದೆ, ಆ ಕಾಲದ ಉಡುಗೆಗೆ ಬೇಕಾದದ್ದೇ ಅದು. ಇಲ್ಲದಿದ್ದರೆ ಜಾರ್ಜೆಟ್ ಅಥವಾ ಶಿಫಾನ್. ಎಪ್ಪತ್ತರ ದಶಕಕ್ಕೆ ಪ್ರಿಂಟೆಡ್ ನೈಲಾನ್. ಅಜ್ಜಿ, ದೊಡ್ಡಮ್ಮನ ಹತ್ತಿರ ಕೇಳಿ ನೋಡಿ, ಆ ನೈಲಾನ್ ಸೀರೆಗಳು ಹಾಳಾಗುವುದೇ ಇಲ್ಲ, ಎಲ್ಲೋ ಟ್ರಂಕಿನಲ್ಲಿ ಇದ್ದೇ ಇರುತ್ತವೆ.

ಬೇಡವಾದವು: ಸೀಕ್ವೆನ್ಸ್, ನೆಟ್, ಕಲ್ಲು ಅಂಟಿಸಿದ್ದು, ದಪ್ಪ ಜರಿಯ ಮದುವೆ ಸೀರೆ, ಗರಿಗರಿ ಆರ್ಗಾಂಜಾ.

ಹಳೆ ರೇಷ್ಮೆ ಸೀರೆ ಉಡುವುದಾದರೆ ಮೊದಲು ಪರೀಕ್ಷೆ ಮಾಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಮಡಿಕೆಯಲ್ಲೇ ಬಿರಿಯುತ್ತದೆ. ಮಡಿಕೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆಗಳು ಬಿಟ್ಟುಕೊಳ್ಳುತ್ತಿದ್ದರೆ ಆ ಸೀರೆಯನ್ನು ಬಿಟ್ಟುಬಿಡಿ, ಪಿನ್ನು ಹಾಕಿದ ಕಡೆಯಿಂದ ಹರಿಯುತ್ತದೆ. ನುಸಿ ಗುಳಿಗೆಯ ವಾಸನೆ ಇದ್ದರೆ ಒಂದೆರಡು ದಿನ ನೆರಳಲ್ಲಿ ಗಾಳಿಗೆ ಹಾಕಿ. ಬಿಸಿಲಿಗೆ ಬೇಡ. ನೈಲಾನಿಗೆ ಇಸ್ತ್ರಿ ಕಡಿಮೆ ಶಾಖದಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ. ಇನ್ನೊಂದು ಮಾತು: ನೈಲಾನ್ ಉಟ್ಟು ದೀಪ ಬೆಳಗಲು ಹೋಗುವಾಗ ಸೆರಗು ಕೈಯಲ್ಲಿ ಹಿಡಿದುಕೊಳ್ಳಿ. ಅದು ಹೊತ್ತಿಕೊಂಡರೆ ಕರಗಿ ಮೈಗೆ ಅಂಟುತ್ತದೆ.

4. ಬ್ಲೌಸ್: ಇಲ್ಲಿ ಜಿಪುಣತನ ಬೇಡ

ಈಗಿನ ಟೈಲರ್‌ಗಳಿಗೆ ಒಂದು ಅಭ್ಯಾಸ ಆಗಿಬಿಟ್ಟಿದೆ. ಏನೂ ಹೇಳದಿದ್ದರೆ ಪ್ಯಾಡು, ಹಿಂದೆ ಆಳ ಕುತ್ತಿಗೆ, ದಾರ, ಅದರ ತುದಿಗೆ ಲಟ್ಕನ್ (ತೂಗಾಡುವ ಗೊಂಡೆ) ಎಲ್ಲ ತಾವೇ ಹಾಕುತ್ತಾರೆ. ಇಷ್ಟು ಸಾಕು ನಿಮ್ಮ ಲುಕ್ ಕೆಡಲು. ಹಾಗಾಗಿ ಬೇಡವಾದ್ದನ್ನೇ ಮೊದಲು ಹೇಳಿ: ಪ್ಯಾಡ್ ಬೇಡ, ಲಟ್ಕನ್ ಬೇಡ, ಬೆನ್ನು ಡೀಪ್ ಬೇಡ, ಎಂಬ್ರಾಯ್ಡರಿ ಬೇಡ. ಆಮೇಲೆ ಸ್ಕ್ರೀನ್‌ಶಾಟ್ ತೋರಿಸಿ.

ಸೀರೆಯ ಜೊತೆ ಬಂದ ಬ್ಲೌಸ್ ಬಟ್ಟೆ ಬಳಸಲೇಬೇಕು ಅಂತಿಲ್ಲ. ಮ್ಯಾಚಿಂಗ್ ಸೆಂಟರಿನಲ್ಲಿ ಟೂ ಬೈ ಟೂ ಅಂತ ಕೇಳಿ. ತೆಳುವಾದ, ಗಟ್ಟಿಯಾದ ಹತ್ತಿ ಬಟ್ಟೆ, ಹಿಂದಿನವರು ಬ್ಲೌಸಿಗೆ ಹೆಚ್ಚು ಬಳಸುತ್ತಿದ್ದದ್ದು. ಪ್ಲೇನ್ ಇರಲಿ. ಬೆಂಗಳೂರಿನವರಾದರೆ ಚಿಕ್ಕಪೇಟೆಯಲ್ಲಿ ಇದಕ್ಕೆ ಬರ ಇಲ್ಲ.

ಹೊಲಿಗೆಯಲ್ಲಿ ಕೇಳಬೇಕಾದ್ದು ಕಾಲಕ್ಕೆ ತಕ್ಕ ಹಾಗೆ. ಐವತ್ತರ ದಶಕಕ್ಕೆ ಕುತ್ತಿಗೆ ಮುಂದೆ ಹಿಂದೆ ಎರಡೂ ಮೇಲೆ, ಬ್ಲೌಸಿನ ಉದ್ದ ಈಗಿನದಕ್ಕಿಂತ ಒಂದೂವರೆ ಇಂಚು ಜಾಸ್ತಿ, ತೋಳು ಮೊಣಕೈಗೆ ಸ್ವಲ್ಪ ಮೇಲೆ. ಪಫ್ ಬೇಕಾದರೆ ಭುಜದ ಹತ್ತಿರ ಚಿಕ್ಕ ಚಿಕ್ಕ ನಿರಿಗೆ ಕೊಟ್ಟು, ಕೆಳಗೆ ಸಣ್ಣ ಪಟ್ಟಿ ಹೊಲಿಯಲು ಹೇಳಿ. ತೋಳಿನ ಸುತ್ತಳತೆಯ ಒಂದೂವರೆ ಪಟ್ಟು ಬಟ್ಟೆ ತೆಗೆದುಕೊಂಡರೆ ಸಾಕು. ಜಾಸ್ತಿ ಕೊಟ್ಟರೆ ಮಕ್ಕಳ ಫ್ರಾಕಿನ ಹಾಗೆ ಆಗುತ್ತದೆ. ಪಫ್ ಬೇಗ ಕುಸಿಯುತ್ತದೆ, ಒಳಗೆ ಗಟ್ಟಿ ನೆಟ್ಟಿನ ತುಂಡು ಇಡಿಸಿ.

ಅರವತ್ತಕ್ಕೆ ತೋಳು ನಾಲ್ಕರಿಂದ ಐದು ಇಂಚು, ತೋಳಿಗೆ ಅಂಟುವಷ್ಟು ಬಿಗಿ. ಎದೆಗೆ ಚೂಪಾದ ಟಕ್ಸ್. ಟಕ್ಸ್ ಅಂದರೆ ಬಟ್ಟೆಯನ್ನು ಮಡಿಸಿ ಹೊಲಿದು ಮೈಯ ಆಕಾರ ಕೊಡುವುದು. ಆ ಕಾಲದ ಬ್ಲೌಸಿನ ಆಕಾರ ಬರುವುದೇ ಇದರಿಂದ, ಪ್ಯಾಡಿನಿಂದ ಬರುವುದಿಲ್ಲ. ತೋಳು ಬೇಡದವರು ಭುಜದ ಪಟ್ಟಿ ಅಗಲ ಇಡಿಸಿ, ದಾರದಂಥ ಪಟ್ಟಿ ಇತ್ತೀಚಿನದು. ಎಪ್ಪತ್ತಕ್ಕೆ ಸ್ವಾತಂತ್ರ್ಯ ಜಾಸ್ತಿ: ಕಾಲರ್ ಕುತ್ತಿಗೆ ಆಗಬಹುದು, ಮಣಿಕಟ್ಟಿನ ತನಕ ತುಂಬು ತೋಳು ಆಗಬಹುದು, ಕೆಳಗೆ ಗಂಟೆಯ ಹಾಗೆ ಅಗಲವಾಗುವ ತೋಳೂ ಆಗಬಹುದು. ಹುಕ್ಕು ಮುಂದೆ ಇರಲಿ.

ಅಳತೆ ಬ್ಲೌಸ್ ಕೊಟ್ಟು ಬರಬೇಡಿ. ಅಳತೆ ಬ್ಲೌಸ್ ಹೊಸ ಕಾಲದ್ದಾದರೆ ಹೊಲಿದು ಬರುವುದೂ ಅದೇ. ಮೈ ಅಳತೆ ಕೊಡಿ. ಹೊಲಿದ ಮೇಲೆ ಹಾಕಿ, ಎರಡೂ ಕೈ ಮೇಲೆತ್ತಿ, ಕೂತು, ಬಗ್ಗಿ ನೋಡಿ. ಬಿಗಿ ಇರಬೇಕು, ಆದರೆ ಊಟಕ್ಕೆ ಕೂರಲಾಗದಷ್ಟು ಬೇಡ.

ಹೊರದೇಶದಲ್ಲಿ ಇರುವವರು ಊರಲ್ಲಿ ಹೊಲಿಸಿ ತರಿಸಿಕೊಳ್ಳಿ. ಪಕ್ಕದ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡಲು ಹೇಳಿ, ಬಂದ ಮೇಲೆ ಬಿಚ್ಚಿ ಸರಿ ಮಾಡಿಕೊಳ್ಳಬಹುದು. ಅದಕ್ಕೂ ಸಮಯ ಇಲ್ಲದಿದ್ದರೆ ಪ್ಲೇನ್ ರೆಡಿಮೇಡ್ ಬ್ಲೌಸ್ ತೆಗೆದುಕೊಂಡು, ಒಳಗಿನ ಲೈನಿಂಗ್ ಸ್ವಲ್ಪ ಬಿಚ್ಚಿ ಪ್ಯಾಡ್ ಹೊರಗೆ ತೆಗೆಯಿರಿ. ಅಷ್ಟಕ್ಕೇ ಅರ್ಧ ಕೆಲಸ ಆಗುತ್ತದೆ.

5. ಉಡುವುದು

ಒಳಲಂಗ ಬಿಗಿಯಾಗಿರಲಿ, ಘೇರು ಇರುವುದು ಬೇಡ. ಸೊಂಟದ ಸುತ್ತ ಸೀರೆಯನ್ನು ಎಳೆದು ಸುತ್ತಿ, ನೆರಿಗೆ ಕಡಿಮೆ ಇಡಿ. ಸೆರಗನ್ನು ಈಗಿನ ಹಾಗೆ ಇಸ್ತ್ರಿ ಹಾಕಿ ಅಳತೆ ಪಟ್ಟಿ ಇಟ್ಟು ಮಡಿಸಬೇಡಿ. ಸೀರೆ ಉಡಿಸುವವರನ್ನು ಕರೆಸಿದರೆ ಇದನ್ನು ಎರಡು ಸಲ ಹೇಳಿ, ಇಲ್ಲವಾದರೆ ಅವರು ತಮ್ಮ ರೂಢಿಯಂತೆ ಚೂಪು ಮಡಿಕೆ ತಂದೇ ತರುತ್ತಾರೆ. ಕೈಯಲ್ಲೇ ಮಡಿಸಿ ಭುಜಕ್ಕೆ ಹಾಕಿ, ಬ್ಲೌಸಿನ ಒಳಗಿನಿಂದ ಒಂದು ಪಿನ್ನು. ಸೊಂಟದ ಪಟ್ಟಿ ಬೇಡ.

6. ತಲೆ

ನೆತ್ತಿಯ ಉಬ್ಬು ಅರವತ್ತರ ದಶಕದ ಗುರುತು. ಕಷ್ಟ ಏನಿಲ್ಲ, ಅಭ್ಯಾಸ ಬೇಕು.

ಹಿಂದಿನ ದಿನ ತಲೆಗೆ ಸ್ನಾನ ಮಾಡಿ. ಅದೇ ದಿನ ಮಾಡಿದರೆ ಕೂದಲು ಜಾರುತ್ತದೆ, ಎಣ್ಣೆ ಇದ್ದರೆ ಉಬ್ಬು ನಿಲ್ಲುವುದಿಲ್ಲ. ಹಣೆಯ ಹತ್ತಿರದ ಒಂದು ಪದರವನ್ನು ಬೇರ್ಪಡಿಸಿ ಮುಂದಕ್ಕೆ ಬಿಡಿ, ಅದನ್ನು ಮುಟ್ಟಬೇಡಿ. ಅದರ ಹಿಂದಿನ ನೆತ್ತಿಯ ಕೂದಲನ್ನು ಮೂರು ನಾಲ್ಕು ಪದರ ಮಾಡಿ. ಒಂದೊಂದು ಪದರವನ್ನೂ ನೇರ ಮೇಲಕ್ಕೆ ಎತ್ತಿ ಹಿಡಿದು, ಬಾಚಣಿಗೆಯನ್ನು ತುದಿಯ ಕಡೆಯಿಂದ ಬುಡದ ಕಡೆಗೆ ಒತ್ತುತ್ತಾ ಬನ್ನಿ. ಇದಕ್ಕೆ ಬ್ಯಾಕ್ ಕೋಂಬಿಂಗ್ ಅನ್ನುತ್ತಾರೆ. ಬುಡದಲ್ಲಿ ಕೂದಲು ಗುಪ್ಪೆಯಾಗುತ್ತದೆ. ಅದರ ಮೇಲೆ ಸ್ವಲ್ಪ ಸ್ಪ್ರೇ. ಎಲ್ಲ ಪದರ ಮುಗಿದ ಮೇಲೆ ಮುಂದೆ ಬಿಟ್ಟ ಕೂದಲನ್ನು ಹಿಂದಕ್ಕೆ ತಂದು ಗುಪ್ಪೆಯ ಮೇಲೆ ಹೊದಿಸಿ, ಮೇಲ್ಮೈ ಮಾತ್ರ ಮೃದುವಾಗಿ ಬಾಚಿ, ಪಿನ್ನು ಹಾಕಿ. ಉಳಿದ ಕೂದಲಿಗೆ ಚೌರಿ ಸೇರಿಸಿ ತುರುಬು ಕಟ್ಟಿ.

ಎಲ್ಲರೂ ಮಾಡುವ ಎಡವಟ್ಟು ಎಂದರೆ ಮೇಲಿನ ಪದರವನ್ನೂ ಬ್ಯಾಕ್ ಕೋಂಬ್ ಮಾಡುವುದು. ಆಗ ತಲೆ ಬಾಚಿಯೇ ಇಲ್ಲ ಅನ್ನಿಸುತ್ತದೆ. ಕೂದಲು ತೆಳು ಇದ್ದರೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಸ್ಪಂಜಿನ ಬಂಪ್ ಒಳಗೆ ಇಡಿ. ಯಾರಿಗೂ ಗೊತ್ತಾಗುವುದಿಲ್ಲ. ಹೂ ಮುಡಿಯುವುದಾದರೆ ಸ್ಪ್ರೇ ಆದಮೇಲೆ, ತುರುಬಿನ ಒಂದು ಬದಿಗೆ. ಸ್ಪ್ರೇ ಮಾತ್ರ ಸೀರೆ ಉಡುವ ಮೊದಲೇ ಮುಗಿಸಿ, ಜರಿಗೆ ತಾಗಿದರೆ ಜರಿ ಕಪ್ಪಾಗುವ ಅಪಾಯ ಇದೆ.

7. ಮುಖ

ಮುಖಕ್ಕೆ ಹೊಳಪು ಬೇಡ, ಪೌಡರ್ ಹಾಕಿದ ಹಾಗೆ ಇರಲಿ. ಹುಬ್ಬು ಗಾಢ, ತುದಿ ಚೂಪು. ಕೆಲಸ ಇರುವುದು ಕಣ್ಣಿನಲ್ಲಿ. ಮೇಲಿನ ರೆಪ್ಪೆಯ ಗೆರೆಯನ್ನು ದಪ್ಪ ಎಳೆದು ಕಣ್ಣಿನ ಹೊರತುದಿ ದಾಟಿಸಿ. ಕೆಳಗಿನ ಗೆರೆಯನ್ನೂ ಹೊರಗೆ ಎಳೆಯಿರಿ, ಆದರೆ ಎರಡೂ ಕೂಡದ ಹಾಗೆ ನಡುವೆ ಸ್ವಲ್ಪ ಜಾಗ ಬಿಡಿ. ಕಣ್ಣು ಉದ್ದವಾಗಿ ಕಾಣುವುದು ಆ ಖಾಲಿ ಜಾಗದಿಂದ. ಈಗಿನ ಬಣ್ಣಬಣ್ಣದ ಐಶ್ಯಾಡೋ ಬೇಡ. ಬೊಟ್ಟು ಅರವತ್ತಕ್ಕೆ ಉದ್ದ ತಿಲಕ, ಎಪ್ಪತ್ತಕ್ಕೆ ದುಂಡು.

ಒಡವೆ ಕಡಿಮೆ ಹಾಕಿ. ಓಲೆ ಅಥವಾ ಜುಮುಕಿ, ಒಂದು ಸರ, ಕೈಗೆ ಗಾಜಿನ ಬಳೆ. ಆಕ್ಸಿಡೈಸ್ಡ್ ಬೆಳ್ಳಿ ಬೇಡ.

8. ಗಂಡಸರಿಗೆ

ನಿಮ್ಮದು ಸುಲಭ, ಆದರೂ ಹೆಚ್ಚಿನವರು ಬಣ್ಣದ ವಿಗ್ಗು ಹಾಕಿಕೊಂಡು ಬಂದು ಕೆಡಿಸುತ್ತೀರಿ.

ಒಂದು ಒಳ್ಳೆ ಪಾಠ ಇದೆ. ರಾಜ್‌ಕುಮಾರ್ ಗೂಢಚಾರ ಸಿಐಡಿ 999 ಆಗಿ ‘ಜೇಡರ ಬಲೆ’ಯಲ್ಲಿ (1968) ಬಂದರು, ಅದೇ ಪಾತ್ರವಾಗಿ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ (1978) ಮತ್ತೆ ಬಂದರು. ಅದೇ ನಟ, ಅದೇ ಪಾತ್ರ, ನಡುವೆ ಹತ್ತು ವರ್ಷ. ಎರಡರ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ಕಾಲರು, ಟೈ, ಪ್ಯಾಂಟು, ಕೃತಾವನ್ನು ಹೋಲಿಸಿ ನೋಡಿ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಅರವತ್ತರ ಲುಕ್ಕಿಗೆ ಕಿರಿದಾದ ಕಪ್ಪು ಟೈ, ಬಿಳಿ ಶರ್ಟು, ಗಾಢ ಬಣ್ಣದ ಸೂಟು, ಎಣ್ಣೆ ಹಾಕಿ ಬಾಚಿದ ಕೂದಲು. ಮನೆಯಲ್ಲಿರುವ ಸೂಟಿಗೆ ಟೈ ಬದಲಿಸಿದರೂ ನಡೆಯುತ್ತದೆ.

ಎಪ್ಪತ್ತಕ್ಕೆ ಬೆಲ್ ಬಾಟಮ್ ಹೊಲಿಸಬೇಕು. ಸೊಂಟ ಹೊಕ್ಕುಳ ಹತ್ತಿರ, ತೊಡೆ ಬಿಗಿ, ಮಂಡಿಯ ಹತ್ತಿರ ಸುತ್ತಳತೆ 18 ಇಂಚು ಇದ್ದರೆ ಕೆಳಗೆ 26. ಉದ್ದ ನೆಲಕ್ಕೆ ಅರ್ಧ ಇಂಚು ಮೇಲೆ, ಅದೂ ಹೀಲ್ ಇರುವ ಶೂ ಹಾಕಿ ಅಳೆದಿರಬೇಕು. ಚಪ್ಪಲಿಯಲ್ಲಿ ನಿಂತು ಅಳತೆ ಕೊಟ್ಟರೆ ಶೂ ಹಾಕಿದಾಗ ಗಿಡ್ಡವಾಗುತ್ತದೆ, ಗಿಡ್ಡ ಬೆಲ್ ಬಾಟಮ್‌ನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹೊಸದು ಹೊಲಿಸುವುದು ಬೇಡ ಅಂದರೆ ಹಳೆ ಪ್ಯಾಂಟಿನ ಹೊರಬದಿಯ ಹೊಲಿಗೆಯನ್ನು ಮಂಡಿಯಿಂದ ಕೆಳಗೆ ಬಿಚ್ಚಿಸಿ, ತ್ರಿಕೋನ ಬಟ್ಟೆ ಸೇರಿಸಿ ಹೊಲಿಸಿ. ಶರ್ಟಿಗೆ ಉದ್ದ ಚೂಪು ಕಾಲರು, ಮೈಗೆ ಬಿಗಿ, ಬಟ್ಟೆ ಟೆರಿಕಾಟ್ (ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತದ್ದು). ಕೃತಾವನ್ನು ಈಗಿನಿಂದಲೇ ಬಿಡಿ, ಅಂಟಿಸಿದ್ದು ಬೆವರಿಗೆ ಬಿದ್ದುಹೋಗುತ್ತದೆ.

ಇದೆಲ್ಲ ಬೇಡ, ಸುಮ್ನೆ ಏನಾದರೂ ಹೇಳಿ ಅನ್ನುವವರಿಗೆ ಪಂಚೆ, ಮೊಣಕೈಗೆ ಮಡಿಸಿದ ತೋಳಿನ ಶರ್ಟು, ಹೆಗಲಿಗೆ ಟವೆಲ್ಲು. ಪಂಚೆಗೆ ಅಂಟುಪಟ್ಟಿ ಇರುವ ರೆಡಿಮೇಡ್ ಬೇಡ, ಉಡುವುದನ್ನು ಕಲಿತುಕೊಳ್ಳಿ.

ರಾಜನ ಪಾತ್ರ, ಪೌರಾಣಿಕ ಪಾತ್ರ ಬೇಕಾದವರು ಹೊಲಿಸುವ ಗೋಜಿಗೇ ಹೋಗಬೇಡಿ. ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಹಳೆ ಸಿನಿಮಾ ಬೆಳೆದದ್ದೂ ಕಂಪನಿ ನಾಟಕದಿಂದಲೇ, ರಾಜ್‌ಕುಮಾರ್ ಗುಬ್ಬಿ ಕಂಪನಿಯಿಂದ ಬಂದವರು. ಕಿರೀಟ ಮಾತ್ರ ಹಾಕಿ ನೋಡಿಯೇ ಅಡ್ವಾನ್ಸ್ ಕೊಡಿ.

9. ಒಂದು ಸಲ ಪೂರ್ತಿ ಹಾಕಿ ನೋಡಿ

ಕಾರ್ಯಕ್ರಮಕ್ಕೆ ಮೂರು ನಾಲ್ಕು ದಿನ ಮೊದಲು ಎಲ್ಲವನ್ನೂ ಹಾಕಿ, ಆರಿಸಿಕೊಂಡ ಸ್ಕ್ರೀನ್‌ಶಾಟಿನ ಹಾಗೇ ನಿಂತು ಫೋಟೋ ತೆಗೆಸಿ. ಎರಡನ್ನೂ ಕಪ್ಪು-ಬಿಳುಪು ಮಾಡಿ ಹೋಲಿಸಿ. ಏನೋ ಸರಿ ಇಲ್ಲ ಅನ್ನಿಸಿದರೆ ಸಾಮಾನ್ಯವಾಗಿ ಅದು ಸ್ಮಾರ್ಟ್ ವಾಚು, ಉಗುರಿನ ಡಿಸೈನು, ಇಲ್ಲವೇ ಕನ್ನಡಕದ ಫ್ರೇಮು.

ರಾತ್ರಿ ಮನೆಗೆ ಬಂದ ಮೇಲೆ ಬ್ಯಾಕ್ ಕೋಂಬ್ ಮಾಡಿದ ಕೂದಲನ್ನು ಒಣಗಿದ್ದಾಗಲೇ ಎಳೆಯಬೇಡಿ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ತುದಿಯಿಂದ ಮೆಲ್ಲಗೆ ಬಿಡಿಸುತ್ತಾ ಬುಡಕ್ಕೆ ಹೋಗಿ, ಬೆಳಿಗ್ಗೆ ತೊಳೆಯಿರಿ. ಸೀರೆಯ ಪಿನ್ನೆಲ್ಲ ತೆಗೆದು, ರಾತ್ರಿಯಿಡೀ ಫ್ಯಾನಿನ ಗಾಳಿಗೆ ಹರವಿ, ಮರುದಿನ ಹಳೆ ಮಡಿಕೆ ಬಿಟ್ಟು ಬೇರೆ ಮಡಿಕೆಯಲ್ಲಿ ಮಡಿಸಿ. ಅಜ್ಜಿಯ ಸೀರೆಯಾದರೆ ಡ್ರೈ ಕ್ಲೀನಿಗೆ ಕೊಡುವ ಮೊದಲು ಅವರನ್ನೇ ಒಂದು ಮಾತು ಕೇಳಿ.